ಪೂಜೆಗಿಟ್ಟ ಕಂಪ್ಯೂಟರು

ನಮ್ಮೆಜಮಾನರ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂಬುದು ಆ ವರ್ಷ ಒಂದು ಕಂಪ್ಯೂಟರಿನ ಮೇಲೆ ನಿಂತಿತ್ತು. ತೊಂಬತ್ತಾರನೇ ಇಸವಿಯ ಮಾತು. ಊರೂರು ಸುತ್ತಿ ರೈತರ ಹಸು, ಹಾಲು, ಮೇವಿನ ವಿಷಯ ಕೇಳಿ ಬರೆದುಕೊಳ್ಳುವ ಮೈಸೂರಿನ ಒಂದು ಸರ್ವೆ ಕಂಪನಿಯಲ್ಲಿ ಅವರು ಹಂಗಾಮಿ ನೌಕರ. ದಸರಾ ಕಳೆಯುವವರೆಗೆ ಇದನ್ನು ಹಳ್ಳಿಗಳಲ್ಲಿ ಬಳಸಿ ನೋಡು, ಒಳ್ಳೆಯದೇನು ಕೆಟ್ಟದ್ದೇನು ಬಂದು ಹೇಳು, ಹಾಳು ಮಾಡಿದರೆ ಮಾತ್ರ ನೀನೂ ಮನೆಗೆ ಹೋಗುತ್ತೀಯ ಎಂದು ಸಾಹೇಬರು ಅದನ್ನು ಇವರ ಕೈಗೆ ಕೊಟ್ಟಿದ್ದರು.

ಕೀಬೋರ್ಡು ಸಿಕ್ಕಿಸಿದರೆ ಅದು ಟೈಪ್‌ರೈಟರಿನ ಹಾಗೆ, ಕಳಚಿದರೆ ಬರೀ ಹಲಗೆ. ಹಲಗೆಯ ಗಾಜಿನ ಮೇಲೆ ಅದರದೇ ಪೆನ್ನಿನಿಂದ ಬರೆಯಬಹುದು. ಪಾಂಡವಪುರ, ಕೆ.ಆರ್.ಪೇಟೆ ಕಡೆಯ ಕೊಟ್ಟಿಗೆಗಳಲ್ಲಿ ನಿಂತುಕೊಂಡೇ ಬರೆದುಕೊಳ್ಳಲು ಅದಕ್ಕಿಂತ ಅನುಕೂಲ ಬೇರೆ ಇಲ್ಲವಂತೆ. ಆದರೆ ಬಿಸಿಲಿಗೆ ಹಿಡಿದರೆ ತಮ್ಮ ಮುಖ ಬಿಟ್ಟು ಬೇರೇನೂ ಕಾಣದು, ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ, ಸಂಜೆಗೆ ಹೆಗಲು ಕಿತ್ತುಬರುವಷ್ಟು ಭಾರ. ದಿನಾ ಊಟದ ಹೊತ್ತಿಗೆ ಈ ಪುರಾಣ ಕೇಳಿ ನನಗೆ ಸಾಕಾಗಿತ್ತು. ನನ್ನನ್ನು ನೋಡಲು ಬಂದಾಗಲೂ ಇವರು ಇಷ್ಟು ಅಳೆದು ತೂಗಿರಲಿಲ್ಲ.

ಆಯುಧಪೂಜೆಗೆ ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಬೀಗ ಹಾಕಿ, ದೇವಲಾಪುರಕ್ಕೆ, ನನ್ನ ಅತ್ತೆಮಾವನ ಮನೆಗೆ ಹೋದೆವು. ಮಾವನವರದು ಮರಗೆಲಸ. ಉಳಿ, ಗರಗಸ, ಬೈರಿಗೆ ಎಲ್ಲವನ್ನೂ ತೊಳೆದು, ವಿಭೂತಿ ಬಳಿದು ಪೂಜೆಗಿಡುವುದು ಆ ಮನೆಯ ಪದ್ಧತಿ. ಇಟ್ಟ ಮೇಲೆ ಮಾರನೆಯ ದಿನ ಮಂಗಳಾರತಿ ಆಗುವ ತನಕ ಯಾರೂ ಮುಟ್ಟುವಂತಿಲ್ಲ. ಇವರು ಸ್ನಾನ ಮಾಡಿ ಬರುವಷ್ಟರಲ್ಲಿ ಗರಗಸದ ಪಕ್ಕದಲ್ಲಿ ಕಂಪ್ಯೂಟರು ಕೂತಿತ್ತು. ಗಾಜಿನ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಪೆನ್ನನ್ನಂತೂ ನನ್ನತ್ತೆ ಮಂಗಳಮ್ಮ ಉಳಿಗಳ ಜೊತೆ ಬಕೆಟ್ಟಿಗೆ ಹಾಕಿ ತಿಕ್ಕಿ ತೊಳೆದಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಇವರು ಕೈ ಚಾಚಿದರೆ ಮಾವನವರು, ದೇವರ ಮುಂದಿಟ್ಟದ್ದನ್ನು ತೆಗೆಯುವ ಮಾತೇ ಇಲ್ಲ ಎಂದುಬಿಟ್ಟರು. ಅಪ್ಪನ ಎದುರು ಇವರಿಗೆ ಬಾಯಿ ಎಲ್ಲಿದೆ? ತಲೆಯ ಮೇಲೆ ಕೈ ಹೊತ್ತು ಕೂತರು. ನೀರು ಬಿದ್ದರೆ ಅದು ಕೆಡುತ್ತದೆ, ಕೆಟ್ಟರೆ ಕೆಲಸ ಹೋಗುತ್ತದೆ ಎಂದು ನಾನೇ ಅತ್ತೆಗೆ ಬಿಡಿಸಿ ಹೇಳಿದೆ. ಅವರು ಹಬ್ಬದ ಅಡಿಗೆ ಎಲ್ಲರಿಗೂ ಬಡಿಸಿ, ತಾವು ಉಣ್ಣದೆ ಒಲೆಯ ಮುಂದೆ ಕೂತುಬಿಟ್ಟರು.

ಮಾರನೆಯ ದಿನ ಮಂಗಳಾರತಿ ಮುಗಿದ ಕೂಡಲೇ ಇವರು ಗಾಜು ಒರೆಸಿ ಪೆನ್ನು ಇಟ್ಟರು. ಒಂದು ಗೆರೆಯೂ ಮೂಡಲಿಲ್ಲ. ಪೆನ್ನು ಸತ್ತೇ ಹೋಗಿತ್ತು. ಕೀಬೋರ್ಡು ಸಿಕ್ಕಿಸಿ ಒತ್ತಿದರು. ಅಕ್ಷರಗಳು ಓಡಿಕೊಂಡು ಬಂದವು. ಕೆ.ಆರ್.ಪೇಟೆಯ ಹಸುಗಳೆಲ್ಲ ಒಂದೂ ತಪ್ಪದೆ ಒಳಗಿದ್ದವು. ಇವರು ಗೋಡೆಗೆ ಒರಗಿ ಉಸಿರುಬಿಟ್ಟರು.

ಆದರೂ ಸಾಹೇಬರಿಗೆ ಪೆನ್ನಿನ ಸಮಾಚಾರ ಹೇಳಬೇಕಲ್ಲ. ನಾನು ಸುಮ್ಮನಿರಲಾರದೆ, ಯಾರನ್ನು ಕೇಳಿ ಅದನ್ನು ಪೂಜೆಗಿಟ್ಟಿರಿ ಎಂದು ಅತ್ತೆಯನ್ನು ಕೇಳಿಯೇಬಿಟ್ಟೆ. ಅವರು ನನ್ನ ಕಡೆ ನೋಡದೆ ಮಗನಿಗೆ ಹೇಳಿದರು:

"ನೀನು ಉಳಿ ಬುಟ್ಟಾಗಿಂದ ಪೂಜೇಲಿ ನಿಂದು ಅಂತ ಒಂದ್ ಸಾಮಾನೂ ಇರ್ನಿಲ್ಲ ಕಣ್ಲಾ ಸುಬ್ಬು. ಈ ಸಲ ಐತಲ್ಲ ಅಂತ ಇಟ್ಬುಟ್ಟೆ."

ಇವರು ತಲೆ ತಗ್ಗಿಸಿದರು. ನನಗೆ ನನ್ನ ನಾಲಗೆಯ ಮೇಲೆ ನಾಚಿಕೆಯಾಯಿತು.

ಆಫೀಸು ತೆರೆದ ದಿನ ಇವರು ಮೊದಲ ಬಸ್ಸಿಗೇ ಮೈಸೂರಿಗೆ ಹೋದರು. ನಾನು ಅಲ್ಲೇ ಉಳಿದೆ. ಅತ್ತೆ ಸಂಜೆಯವರೆಗೂ ಜಗಲಿ ಬಿಟ್ಟು ಏಳಲಿಲ್ಲ. ಕಡೆಗೂ ಇವರು ಬಂದರು, ಮುಖ ನೋಡಿದ ಕೂಡಲೇ ನನಗೆ ಅರ್ಧ ಜೀವ ಬಂತು. ಬಿಸಿಲು, ಬ್ಯಾಟರಿ, ಭಾರ, ಎಲ್ಲವನ್ನೂ ಮುಚ್ಚಿಡದೆ ಹೇಳಿದರಂತೆ. ಸಾಹೇಬರು ಪೆನ್ನಿನ ಕಥೆಗೆ ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ಕೀಬೋರ್ಡಿನಲ್ಲಿ ಎಲ್ಲ ತೆರೆದು ನೋಡಿ, ಒಂದು ಕೈಕೊಟ್ಟರೂ ಇನ್ನೊಂದು ಕೆಲಸ ಉಳಿಸಿತಲ್ಲ, ನಮಗೆ ತಿಳಿಯಬೇಕಾಗಿದ್ದು ಇದೇ ಎಂದರಂತೆ.

"ಕೆಲ್ಸ ಕಾಯಂ ಆಯ್ತು ಕಣವ್ವ."

"ಪೆನ್ನು ತೊಳ್ದಿದ್ದು ನಾನು ಅಂತ ಯೋಳ್ಬುಟ್ಟಾ?"

"ಯೋಳ್ದೆ. ನನ್ ಕಸುಬಿನ ಸಾಮಾನು, ನಮ್ಮವ್ವ ಪೂಜೆಗಿಟ್ಟಿದ್ಲು ಅಂದೆ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹಬ್ಬದ ದಿನದಿಂದ ಒಂದು ತುತ್ತನ್ನೂ ನೆಟ್ಟಗೆ ಉಣ್ಣದಿದ್ದವರು ಆಮೇಲೆ ನನ್ನ ಕಡೆ ತಿರುಗಿ, ಹೊಟ್ಟೆ ಹಸೀತದೆ, ಮುದ್ದೆ ಇಕ್ಕವ್ವ ಎಂದರು. ನಾನು ಒಳಗೆ ಓಡಿದೆ.