ಗುಂಪಿನ ನಾಲ್ಕನೆಯ ದನಿ

ನನ್ನ ಮಗಳು ಹುಟ್ಟಾ ಮಾತಿನಮಲ್ಲಿ. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಅವಳು ಗುಬ್ಬಿ. ಲೆಕ್ಕ ಕೇಳಿದರೆ ಮಾತ್ರ ಉತ್ತರ ನಿಧಾನ, ಅದೂ ತಪ್ಪು. ಇರಲಿ ಬಿಡಿ, ಯಾರಪ್ಪನ ಗಂಟೇನು ಹೋಯ್ತು?

ಈ ವರ್ಷ ಅವಳ ತರಗತಿಗೆ ಸಂಶೋಧಕಿಯೊಬ್ಬಳು ಬಂದಳು. ಮಕ್ಕಳು ಒಟ್ಟಿಗೆ ಹೇಗೆ ಕಲೀತಾರೆ ಅಂತ ನೋಡಬೇಕಂತೆ. ನಾಲ್ಕು ಮಕ್ಕಳಿಗೊಂದು ಟ್ಯಾಬ್. ಅದು ಒಬ್ಬೊಬ್ಬರ ದನಿಯನ್ನೂ ಗುರುತು ಹಿಡಿಯುತ್ತೆ. ನಾಲ್ವರೂ ಬಾಯಿಬಿಟ್ಟು ಸರಿ ಉತ್ತರ ಹೇಳಿದರೇ ಮುಂದಿನ ಪಾಠ. ಒಬ್ಬರು ತಪ್ಪಿದರೂ ಎಲ್ಲರೂ ಅಲ್ಲೇ. "ಆಗ ಒಬ್ಬರಿಗೊಬ್ಬರು ಹೇಳಿಕೊಡಲೇಬೇಕಲ್ಲ," ಅಂದಳು. ಕೇಳೋಕೆ ಚೆನ್ನಾಗೇ ಇತ್ತು.

ಗುಬ್ಬಿಯ ಗುಂಪಿನ ಮೂವರು ದಿನಾ ಸಂಜೆ ಮನೆಗೆ ಬರತೊಡಗಿದರು. "ಆಂಟಿ, ಅವಳಿಗೆ ಹೇಳಿಕೊಡ್ತೀವಿ," ಅಂತ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳೋರು. ಹೊಲಿಗೆ ಮೆಷಿನ್ ನಿಲ್ಲಿಸಿ ಕಿವಿಗೊಟ್ಟರೆ ನಗು ಇಲ್ಲ, ಜಗಳ ಇಲ್ಲ. "ಇನ್ನೊಂದ್ಸಲ ಹೇಳು. ಜೋರಾಗಿ." ಅಷ್ಟೇ. ಎದ್ದು ಬಾಗಿಲವರೆಗೂ ಹೋಗಿ ವಾಪಸ್ ಬರ್ತಿದ್ದೆ. ಆದರೂ ಹೇಳಿಕೊಡೋ ಮಕ್ಕಳನ್ನ ಹೇಗೆ ಬೈಯೋದು?

ಆಮೇಲೆ ಅವರು ಬರೋದು ನಿಂತಿತು. ಗುಬ್ಬಿಯ ಮಾತೂ ನಿಂತಿತು. ಊಟಕ್ಕೆ ಕರೆದರೆ ತಲೆ ಆಡಿಸ್ತಾಳೆ, ಗದರಿದರೆ ನೆಲ ನೋಡ್ತಾಳೆ. "ಬಾಯಲ್ಲಿ ನೀರು ತುಂಬ್ಕೊಂಡಿದ್ದೀಯೇನೇ?" ಅಂತ ಕೆನ್ನೆ ಹಿಂಡಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಮಾತು ಬರಲಿಲ್ಲ. ಗಂಟಲಿಗೆ ಏನೂ ಆಗಿಲ್ಲ ಅಂದರು ಡಾಕ್ಟರು.

ಮಾರನೆಯ ದಿನ ಅವಳ ಕೈ ಹಿಡ್ಕೊಂಡು ಶಾಲೆಗೆ ನಡೆದೆ. ಸಂಶೋಧಕಿ ತರಗತಿಯ ಪಕ್ಕದ ಕೋಣೆಯಲ್ಲಿದ್ದಳು. ಲ್ಯಾಪ್‌ಟಾಪ್ ತಿರುಗಿಸಿ ನಕ್ಕಳು. "ನೋಡಿ, ಈ ವಾರ ಇಡೀ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿರೋದು ನಿಮ್ಮ ಮಗಳೇ. ಒಂದು ಉತ್ತರವೂ ತಪ್ಪಿಲ್ಲ!"

"ಯಾರು ಮಾತಾಡಿದ್ದು ರೀ? ವಾರದಿಂದ ಈ ಮಗು ತುಟಿ ಬಿಚ್ಚಿಲ್ಲ!"

ಅಷ್ಟರಲ್ಲಿ ತರಗತಿಯಿಂದ ದನಿ ಕೇಳಿತು. "ಐವತ್ತಾರು. ಹೌದು, ನಾನೂ ಒಪ್ತೀನಿ." ಅದು ನನ್ನ ಗುಬ್ಬಿಯ ದನಿ. ಗುಬ್ಬಿ ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಸಂಶೋಧಕಿಯ ಮುಖದ ನಗು ಇಳಿದುಹೋಯ್ತು.

ಗುಬ್ಬಿಯನ್ನ ಎಳ್ಕೊಂಡು ತರಗತಿಯೊಳಗೆ ನುಗ್ಗಿದೆ. ಮೂವರು ಟ್ಯಾಬ್ ಸುತ್ತ ಕೂತಿದ್ದರು. ಗುಬ್ಬಿಯ ಕುರ್ಚಿಯ ಮೇಲೆ ಒಂದು ಫೋನ್.

"ಅವಳು ಹೇಳಿದ್ರೆ ತಪ್ಪಾಗುತ್ತೆ ಆಂಟಿ," ಅಂದಳು ಅವರಲ್ಲಿ ದೊಡ್ಡವಳು, ಬಲು ಮರ್ಯಾದೆಯಿಂದ. "ಅದಕ್ಕೇ ಪಾಠಕ್ಕೆ ಬೇಕಾದ ಸಂಖ್ಯೆ, ಮಾತು ಎಲ್ಲಾ ಅವಳ ದನೀಲಿ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ವಿ. ಇನ್ನು ನೀನು ಮಾತಾಡೋದು ಬೇಡ ಅಂತ ಹೇಳಿದೀವಿ. ಅವಳೂ ಒಪ್ಪಿದಾಳೆ."

ನಾನು ಮಗಳ ಭುಜ ಹಿಡಿದು ಅಲುಗಾಡಿಸಿದೆ. "ನನ್ನ ಕಂದಾ, ಒಂದ್ಸಲ ಅಮ್ಮ ಅನ್ನೇ!"

ಗುಬ್ಬಿ ಆ ಮೂವರ ಕಡೆ ನೋಡಿದಳು. ದೊಡ್ಡವಳು ಫೋನ್ ಎತ್ತಿಕೊಂಡು ಬೆರಳಾಡಿಸಿ ಹುಡುಕಿದಳು.

"ಆ ಮಾತು ಇಲ್ಲ ಆಂಟಿ," ಅಂದಳು. "ಪಾಠದಲ್ಲಿ ಬರಲ್ಲ ಅಂತ ತಗೊಂಡಿರ್ಲಿಲ್ಲ."