ಎರಡು ಬೆರಳಿನ ಸಂದು

ಬೇರೆಯವರಿಗೆ ಹೆದರಿಕೆ ಎದೆಯಲ್ಲೋ ಹೊಟ್ಟೆಯಲ್ಲೋ ಬರುತ್ತದಂತೆ. ನನಗೆ ಬರುವುದು ಎಡಗಾಲಲ್ಲಿ. ಮಂಡಿಯ ಕೆಳಗಿನ ಎಲುಬಿನೊಳಗೆ ಒಂದು ಲೋಹದ ಸರಳಿದೆ, ಇಪ್ಪತ್ತೆರಡು ವರ್ಷದ ಹಿಂದೆ ವೈದ್ಯರು ಕೂರಿಸಿದ್ದು. ಭಯವಾದಾಗ ಅದು ತಣ್ಣಗಾಗುತ್ತದೆ. ಹಾಗೆಲ್ಲ ಆಗುವುದಿಲ್ಲ, ಅದು ನಿಮ್ಮ ಭ್ರಮೆ ಎನ್ನುತ್ತಾರೆ ವೈದ್ಯರು. ಅವರ ಕಾಲಲ್ಲಿ ಸರಳಿಲ್ಲ, ಏನು ಬೇಕಾದರೂ ಅನ್ನಬಹುದು.

ಫಿನ್‌ಲ್ಯಾಂಡಿನ ಇಮಾತ್ರಾ ಊರಿನಲ್ಲಿ ನಾನು ಬಸ್ ಓಡಿಸುತ್ತೇನೆ. ಜನವರಿಯ ಒಂದು ಬೆಳಿಗ್ಗೆ ಹೆಲ್ಲೆವಿ ಹತ್ತಿದಳು. ಅಂಚೆ ಹಂಚುವವಳು, ಅವಳ ಗಂಟಲಿಗೆ ಧ್ವನಿವರ್ಧಕ ಬೇಡ. ನಲವತ್ತು ದಾಟಿದ ಹೆಂಗಸರ ಐಸ್ ಹಾಕಿ ತಂಡಕ್ಕೆ ಗೋಲ್‌ಕೀಪರ್. ಹಿಂದೆ ನಾವಿಬ್ಬರೂ ಒಂದೇ ತಂಡದಲ್ಲಿ ಆಡಿದವರು.

"ಮಿರ್ಕಾ, ಡಿಫೆನ್ಸಿಗೆ ಜನ ಇಲ್ಲ ಕಣೇ. ಒಬ್ಬಳಿಗೆ ಬೆನ್ನುನೋವು, ಇನ್ನೊಬ್ಬಳಿಗೆ ಮೊಮ್ಮಗು ಹುಟ್ತು. ನೀನು ಬರ್ತಿದೀಯ."

"ನಾನು ಆಡೋದು ಬಿಟ್ಟು ಯಾವ ಕಾಲ ಆಯ್ತು! ಮೊದ್ಲು ಟಿಕೆಟ್ ತೋರ್ಸು."

"ಟಿಕೆಟ್ ತೋರಿಸ್ತೀನಿ, ನೀನು ಸ್ಕೇಟ್ ಹುಡುಕು."

ಹಿಂದೆ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕಾಲೊಳಗಿನ ಸರಳು ಮಾತ್ರ ಆಗಲೇ ತಣ್ಣಗಾಗತೊಡಗಿತ್ತು.

ಡಿಫೆನ್ಸಿನವಳ ಕೆಲಸ ಹೇಳಲು ಸುಲಭ. ಎದುರಾಳಿ ಹೊಡೆದ ರಬ್ಬರ್ ಬಿಲ್ಲೆ ಗೋಲಿನತ್ತ ಹಾರಿ ಬರುವಾಗ ಅಡ್ಡ ನಿಲ್ಲಬೇಕು. ಮೈಕೈಗೆ ಬಿದ್ದರೆ ಬೀಳಲಿ ಎಂದು ನಿಲ್ಲಬೇಕು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ನಾನು ಹಾಗೇ ನಿಂತಿದ್ದೆ. ಕಾಲಿಗೆ ಕಟ್ಟಿಕೊಂಡಿದ್ದು ಅಣ್ಣ ಶಾಲೆಯಲ್ಲಿದ್ದಾಗ ಹಾಕುತ್ತಿದ್ದ ಶಿನ್ ಗಾರ್ಡ್, ಮಂಡಿಯಿಂದ ಕಣಕಾಲಿನವರೆಗೆ ಕಟ್ಟುವ ಪ್ಲಾಸ್ಟಿಕ್ ಕವಚ; ನನಗೆ ಗಿಡ್ಡ. ಗಾರ್ಡಿನ ತುದಿಗೂ ಸ್ಕೇಟಿನ ಬೂಟಿಗೂ ಮಧ್ಯೆ ಎರಡು ಬೆರಳಿನಷ್ಟು ಸಂದು. ಅಷ್ಟು ದೊಡ್ಡ ಐಸಿನ ಅಂಗಳದಲ್ಲಿ ಬಿಲ್ಲೆ ಆ ಸಂದನ್ನೇ ಹುಡುಕಿಕೊಂಡು ಬಂತು.

ಅವತ್ತು ಗಂಡಸರು ಹೆಂಗಸರು ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದೆವು. ಹೊಡೆದವನು ಯೋರ್ಮಾ. ಬೇಕೆಂದು ಹೊಡೆದದ್ದಲ್ಲ. ಮಾರನೇ ದಿನ ಏಲಕ್ಕಿ ಬನ್ನು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಅದರ ಮಾರನೇ ದಿನವೂ ಬಂದ. ಬನ್ನು ನಿಲ್ಲುವುದರೊಳಗೆ ಮದುವೆಯಾದೆ. ಅವನು ಮತ್ತೆ ಸ್ಟಿಕ್ ಹಿಡಿಯಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಮಕ್ಕಳು ಆಡುವ ಬಯಲು ಅಂಗಳವಿದೆ; ಚಳಿಗಾಲ ಪೂರ್ತಿ ಅದಕ್ಕೆ ನೀರು ಬಿಟ್ಟು ಐಸು ಕಟ್ಟಿಸುವವನು ಅವನೇ. ಹಿಮ ಗುಡಿಸುತ್ತಾನೆ, ಪೈಪು ಹಿಡಿಯುತ್ತಾನೆ, ಮನೆಗೆ ಬರುತ್ತಾನೆ.

ಹೆಲ್ಲೆವಿ ಕರೆದ ವಿಷಯ ಹೇಳಿದಾಗ ಅವನು ಬೇಡ ಎನ್ನಲಿಲ್ಲ. ಕಾಫಿ ಲೋಟ ಕೆಳಗಿಟ್ಟ.

"ಗಾರ್ಡ್ ತಗೊಳ್ಳೋಕೆ ನಾನೂ ಬರ್ತೀನಿ."

ಅಂಗಡಿಯಲ್ಲಿ ಅವನು ಕೈ ಹಾಕಿದ್ದು ಇರುವುದರಲ್ಲೇ ಉದ್ದದ ಜೋಡಿಗೆ. ಗಡ್ಡ ಬಿಟ್ಟಿದ್ದ ಅಂಗಡಿಯವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಗಾರ್ಡನ್ನು ನೋಡಿದ.

"ಇದು ಆರಡಿ ಆಳಿಗೆ ಆಗೋದು."

"ದೊಡ್ಡದೇ ಬೇಕು," ಎಂದ ಯೋರ್ಮಾ.

"ದೊಡ್ಡದೇ ಬೇಕು," ಎಂದೆ ನಾನೂ.

ಗಿರಾಕಿಗಳೇ ಹೀಗೆ ಕೇಳಿದರೆ ಅವನದೇನು ಹೋಗುತ್ತದೆ? ಸ್ಕೇಟುಗಳು ಕಾರಿನಲ್ಲೇ ಇದ್ದವು. ನಾನು ಉಣ್ಣೆಯ ಕಾಲುಚೀಲದಲ್ಲೇ ಸ್ಟೂಲಿನ ಮೇಲೆ ಕೂತು ಗಾರ್ಡ್ ಕಟ್ಟಿಕೊಂಡೆ. ಪಾದದಿಂದ ತೊಡೆಯವರೆಗೆ ಕಾಲೇ ಕಾಣಲಿಲ್ಲ. ಎಷ್ಟು ನೆಮ್ಮದಿಯಾಯಿತೆಂದರೆ ಅಂಗಡಿಯಲ್ಲೇ ಕಣ್ಣಲ್ಲಿ ನೀರು ಬಂತು. ಯೋರ್ಮಾ ಬಗ್ಗಿ ಕೆಳತುದಿಯಲ್ಲಿ ಬೆರಳು ತೂರಿಸಿ ನೋಡಿದ. ತೂರಲಿಲ್ಲ. "ಇದೇ ಇರಲಿ," ಎಂದ.

ಮೊದಲ ಅಭ್ಯಾಸದ ದಿನ ಆ ನೆಮ್ಮದಿ ಇಳಿದುಹೋಯಿತು. ಐಸಿನ ಮೇಲೆ ಮಂಡಿ ಬಗ್ಗಿಸಿದೆ ನೋಡಿ, ಗಾರ್ಡಿನ ಕೆಳತುದಿ ಬೂಟಿನ ಮೂತಿಗೆ ಒತ್ತಿಕೊಂಡಿತು, ಮೇಲ್ತುದಿ ತೊಡೆಗೆ ಚುಚ್ಚಿತು. ತಿರುಗಲು ಹೋಗಿ ದಬಕ್ಕನೆ ಮುಂದಕ್ಕೆ ಬಿದ್ದೆ. ಗಾರ್ಡಿನಲ್ಲಿ ಮಂಡಿ ಚಿಪ್ಪು ಕೂರಬೇಕಾದ ಗುಳಿ ಎಲ್ಲೋ ಮೇಲಿತ್ತು, ನನ್ನ ಚಿಪ್ಪು ಅದರ ಕೆಳಗೆಲ್ಲೋ ಇತ್ತು. ಜಾರುತ್ತ ಹೋಗಿ ಪಕ್ಕದ ಹಲಗೆಗೆ ಬಡಿದು ಅಲ್ಲೇ ಮಲಗಿದೆ. ಮುರಿಯಿತೋ ಇಲ್ಲವೋ ಎಂದು ಕಾಲು ಅಲ್ಲಾಡಿಸಿ ನೋಡಲೂ ಧೈರ್ಯವಿರಲಿಲ್ಲ.

"ಏನೇ ಇದು, ಒಲೆಯ ಹೊಗೆ ಕೊಳವೆ ಬಿಚ್ಚಿ ಕಾಲಿಗೆ ಕಟ್ಕೊಂಡು ಬಂದಿದೀಯಾ?" ಹೆಲ್ಲೆವಿ ಗೋಲಿನಿಂದ ಕೂಗಿದಳು. ಎಲ್ಲರೂ ನಕ್ಕರು, ಎಬ್ಬಿಸಿದರು. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ.

ಅಭ್ಯಾಸದ ಕೊನೆಯಲ್ಲಿ ಎರಡು ಗುಂಪಾಗಿ ಆಟ ಆಡಿದೆವು. ಎದುರಿನಿಂದ ಒಬ್ಬಳು ಸ್ಟಿಕ್ ಎತ್ತಿದಳು, ನಾನು ಅಡ್ಡ ಹೋದೆ. ಬಿಲ್ಲೆ ಬರುವುದು ಕಂಡಿತು. ನನ್ನ ಕಾಲು ನನ್ನನ್ನು ಕೇಳದೆಯೇ ಮೇಲೆ ಎದ್ದಿತು. ಬಿಲ್ಲೆ ಅದರ ಕೆಳಗೆ ಹಾದು, ಮೇಲಕ್ಕೇರುತ್ತ ಗೋಲಿಗೆ ನುಗ್ಗಿತು.

ಹೆಲ್ಲೆವಿ ಬಲೆಯಿಂದ ಬಿಲ್ಲೆ ತೆಗೆದು ಆಚೆ ತಳ್ಳಿದಳು, ಮಾತಾಡಲಿಲ್ಲ. ಎಲ್ಲಕ್ಕೂ ಗೇಲಿ ಮಾಡುವವಳು ಮಾತಾಡದಿದ್ದಾಗ ಆಗುವ ಅವಮಾನ ಬೇರೆಯೇ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಪಕ್ಕಕ್ಕೆ ಬಂದು ಕೂತಳು.

"ನೋಡು, ನೀನು ಅಡ್ಡ ಬರದೇ ಇದ್ರೂ ನಡೆಯತ್ತೆ, ನಂಗೆ ಬಿಲ್ಲೆ ಕಾಣತ್ತೆ. ಅಡ್ಡ ಬಂದು ನಿಂತ್ರೂ ನಡೆಯತ್ತೆ. ಅಡ್ಡ ಬಂದು ಆಮೇಲೆ ಕಾಲೆತ್ತಿದ್ರೆ ಅದೆಲ್ಲಿಂದ ಬಂತು ಅಂತ್ಲೇ ನಂಗೆ ಗೊತ್ತಾಗಲ್ಲ. ಇವತ್ತು ಕುತ್ತಿಗೆ ಪಕ್ಕದಲ್ಲೇ ಹೋಯ್ತು ಕಣೇ."

ನಾನು ಗಾರ್ಡಿನ ಪಟ್ಟಿ ಬಿಚ್ಚತೊಡಗಿದೆ.

"ಭಾನುವಾರ ಲಪ್ಪೇನ್ರಾಂತಾ ಊರಿನವರ ಜೊತೆ ಆಟ. ಶನಿವಾರ ಒಂದು ಫೋನ್ ಮಾಡು. ಆಗಲ್ಲ ಅಂದ್ರೆ ಆಗಲ್ಲ ಅನ್ನು, ನಾನೇನೂ ಅಂದ್ಕೊಳ್ಳಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಕುತ್ತಿಗೆಯೇ ಕಣ್ಣ ಮುಂದಿತ್ತು. ನನ್ನ ಕಾಲು ಮುರಿದರೆ ಅದು ನನ್ನ ಕಾಲು. ಅವಳಿಗೆ ಏನಾದರೂ ಆದರೆ ಯಾವ ಮುಖ ಹೊತ್ತು ಬಸ್ ಓಡಿಸಲಿ?

ಮಾರನೇ ದಿನ ಕೆಲಸ ಮುಗಿಸಿ ಬಂದವಳೇ ಸೌನಾಕ್ಕೆ, ನಮ್ಮ ಹಬೆಸ್ನಾನದ ಕೋಣೆಗೆ, ಹೋಗಿ ಬಾಗಿಲು ಹಾಕಿಕೊಂಡೆ. ಒಲೆ ಹೊತ್ತಿಸಿರಲಿಲ್ಲ. ಮನೆಯಲ್ಲಿ ಮಂಡಿ ಸರಿಯಾಗಿ ಮಡಚಿ ಕೂರುವಂಥ ಎತ್ತರ ಇರುವುದು ಅಲ್ಲಿಯ ಕೆಳಗಿನ ಹಲಗೆಗೇ. ಬ್ಲೇಡಿಗೆ ಕವಚ ಹಾಕಿ ಸ್ಕೇಟ್ ಕಟ್ಟಿದೆ, ಆಟದ ಚಡ್ಡಿ ತೊಟ್ಟೆ, ಗಾರ್ಡ್ ಕಟ್ಟಿದೆ. ಜನ ಬಟ್ಟೆ ಬಿಚ್ಚಿ ಕೂರುವ ಜಾಗದಲ್ಲಿ ನಾನು ಯುದ್ಧಕ್ಕೆ ಹೊರಟವಳಂತೆ ಕೂತಿದ್ದೆ.

ಹಾಗೆ ಕೂತಾಗ ಎಲ್ಲ ಗೊತ್ತಾಯಿತು. ಗಾರ್ಡ್ ನೋಡಬೇಕಾದದ್ದು ಸ್ಕೇಟ್ ಹಾಕಿ, ಮಂಡಿ ಮಡಚಿ. ಮೊದಲು ಚಿಪ್ಪು ಗುಳಿಯಲ್ಲಿ ಕೂರಬೇಕು, ಉಳಿದ ಅಳತೆಯೆಲ್ಲ ಅಲ್ಲಿಂದ ಶುರು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಒಂದು ಕಾಲಕ್ಕೆ ಬೇರೆಯವರಿಗೆ ಹೇಳಿಕೊಟ್ಟಿದ್ದೆ. ಅಂಗಡಿಯಲ್ಲಿ ಭಯ ನನ್ನ ಪರವಾಗಿ ಅಳತೆ ತೆಗೆದುಬಿಟ್ಟಿತ್ತು.

ಯೋರ್ಮಾ ಬಾಗಿಲು ತೆರೆದು ನೋಡಿದ.

"ಇಲ್ಲೇನು ಮಾಡ್ತಿದೀಯ?"

"ಇದು ವಾಪಸ್ ಕೊಡ್ಬೇಕು ಕಣೋ. ಎರಡು ಅಳತೆ ಚಿಕ್ಕದು ತರ್ಬೇಕು."

"ಚಿಕ್ಕದಾ?" ಅವನ ಮುಖ ಬಿಳಚಿಕೊಂಡಿತು. "ಚಿಕ್ಕದು ಬೇಡ ಮಿರ್ಕಾ. ಸಂದು ಬರತ್ತೆ."

"ಸಂದು ಸ್ವಲ್ಪ ಇರ್ಲೇಬೇಕು. ಇಲ್ಲಾಂದ್ರೆ ಕಾಲು ಮಡಚೋದು ಹೇಗೆ?"

ಅವನು ಒಳಗೆ ಬಂದು ತಣ್ಣಗಿನ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಲೆಯ ಮೇಲಿನ ಕಲ್ಲೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

"ಅವತ್ತು ನಿಂಗೆ ಏನು ಕೇಳಿಸ್ತು?" ಎಂದ.

"ಏನೂ ಇಲ್ಲ. ಬಿದ್ದೆ, ಅಷ್ಟೇ. ಎಲ್ಲರೂ ಓಡಿ ಬಂದ್ರು."

"ನಂಗೆ ಕೇಳಿಸ್ತು. ಒಣಗಿದ ಕಟ್ಟಿಗೆ ಮುರಿದ ಹಾಗೆ. ಈಗ್ಲೂ ಕೇಳಿಸತ್ತೆ. ನಾನು ಸೌದೆ ಒಡೆಯೋದು ಬಿಟ್ಟಿದ್ದು ಬೆನ್ನುನೋವಿಗಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ಅವನು ಹೇಳಿರಲಿಲ್ಲ. ಸೀಳಿದ ಸೌದೆಯನ್ನೇ ಕೊಂಡು ತರುತ್ತಿದ್ದ. ದುಡ್ಡು ದಂಡ ಎಂದು ನಾನು ಬೈಯುತ್ತಿದ್ದೆ. ಅವನ ತಲೆ ನೇವರಿಸಬೇಕೆನ್ನಿಸಿತು, ಆದರೆ ಆ ಕೊಳವೆಗಳಲ್ಲಿ ಮುಂದಕ್ಕೆ ಬಗ್ಗಲಾಗಲಿಲ್ಲ.

ಶುಕ್ರವಾರ ಒಬ್ಬಳೇ ಅಂಗಡಿಗೆ ಹೋದೆ. ಸ್ಕೇಟ್, ಚಡ್ಡಿ ಎಲ್ಲ ಚೀಲದಲ್ಲಿ ಒಯ್ದೆ. ಗಡ್ಡದವನು "ನಾನು ಅವತ್ತೇ ಹೇಳಿದ್ನಲ್ಲ" ಎಂಬ ಮುಖ ಮಾಡಿಕೊಂಡು ಚಿಕ್ಕ ಜೋಡಿಗಳನ್ನು ತಂದಿಟ್ಟ. ಒಂದು ಮೀನಖಂಡಕ್ಕೆ ಅಗಲವಾಗಿ ಗಿರಗಿರ ತಿರುಗಿತು. ಇನ್ನೊಂದು, ಪಟ್ಟಿ ಎಳೆದರೆ ಉಸಿರು ಕಟ್ಟುವಷ್ಟು ಬಿಗಿ. ಮೂರನೆಯದರಲ್ಲಿ ಚಿಪ್ಪು ತಾನಾಗಿ ಗುಳಿಗೆ ಇಳಿಯಿತು, ಗಾರ್ಡ್ ಹಿಡಿದು ತಿರುಗಿಸಿದರೂ ಅಲುಗಲಿಲ್ಲ. ಚಡ್ಡಿಯ ಅಂಚು ಅದರ ಮೇಲ್ತುದಿಯನ್ನು ಮುಚ್ಚಿತು. ಕೆಳತುದಿಗೂ ಬೂಟಿಗೂ ಮಧ್ಯೆ ಸಣ್ಣ ಸಂದು. ಅದರ ಹಿಂದೆ ಬೂಟಿನ ದಪ್ಪ ನಾಲಿಗೆ ಎದ್ದು ನಿಂತಿತ್ತು, ಕಾಲಿನ ಚರ್ಮ ಕಾಣುತ್ತಿರಲಿಲ್ಲ. ಇದೇ ಸರಿ ಎಂದು ಬುದ್ಧಿ ಹೇಳಿತು. ಸರಳು ಒಪ್ಪಲಿಲ್ಲ, ಕೊರೆಯತೊಡಗಿತು.

ಮನೆಯಲ್ಲಿ ಸ್ಕೇಟ್, ಗಾರ್ಡ್ ಕಟ್ಟಿಕೊಂಡು ನಿಂತೆ. ಯೋರ್ಮಾ ನನ್ನೆದುರು ಮಂಡಿಯೂರಿ ಕೂತು ಸಂದಿನಲ್ಲಿ ಬೆರಳಿಟ್ಟ.

"ಒಂದು ಬೆರಳು ಹೋಗತ್ತೆ."

"ಹೋಗ್ಬೇಕು."

"ಬಿಲ್ಲೆ ಬಂದ್ರೆ?"

"ಬಿಲ್ಲೆ ಬರೋವಾಗ ನಾನೇನು ನೆಟ್ಟಗೆ ನಿಂತಿರ್ತೀನಾ? ನೋಡು." ನಾನು ಮಂಡಿ ಬಗ್ಗಿಸಿದೆ. ಗಾರ್ಡು ಬೂಟಿನ ಹತ್ತಿರಕ್ಕೆ ಇಳಿದು ಸಂದು ಮುಚ್ಚಿಕೊಂಡಿತು.

"ಅಯ್ಯೋ! ಬೆರಳು, ಬೆರಳು!"

ಅವನು ಬೆರಳು ಕಿತ್ತುಕೊಂಡು ಬಾಯಲ್ಲಿಟ್ಟುಕೊಂಡ. ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ.

"ಬೆರಳಲ್ಲಿ ನೋಡೋದು ಬೇರೆ," ಎಂದ.

"ಹಾಗಾದ್ರೆ ಹೊಡೆದು ನೋಡು."

ಬಾಯಿಂದ ಬಂದ ಮೇಲೆ ನನಗೇ ಗಾಬರಿಯಾಯಿತು. ಅವನು ಜಾಕೆಟ್ ಹಾಕಿಕೊಂಡು ಅಂಗಳಕ್ಕೆ ನೀರು ಬಿಡಲು ಹೋದ.

ಶನಿವಾರ ಬೆಳಕು ಹರಿದ ಮೇಲೆ, ಮಕ್ಕಳು ಬರುವ ಮುಂಚೆ, ಗಾರ್ಡ್, ಸ್ಕೇಟ್ ಕಟ್ಟಿ, ಬ್ಲೇಡಿಗೆ ಕವಚ ಹಾಕಿ, ಎರಡು ಸ್ಟಿಕ್ ಹಿಡಿದುಕೊಂಡು ನಾನೇ ಅಲ್ಲಿಗೆ ಹೋದೆ. ಯೋರ್ಮಾ ಹಿಮ ಗುಡಿಸುತ್ತಿದ್ದ. ಐಸು ಕನ್ನಡಿಯ ಹಾಗಿತ್ತು. ಒಂದು ಸ್ಟಿಕ್ಕನ್ನು ಅವನ ಕೈಗೆ ತುರುಕಿದೆ.

"ಬೇಡ ಮಿರ್ಕಾ."

"ನಾಳೆ ಯಾರೋ ಹೊಡೀತಾರೆ. ಕಾಲೆತ್ತಿದ್ರೆ ಹೆಲ್ಲೆವಿ ಕುತ್ತಿಗೆಗೆ ಹೋಗತ್ತೆ. ನಾನು ಎತ್ತುತ್ತೀನೋ ಇಲ್ವೋ ಅಂತ ಇವತ್ತೇ ಗೊತ್ತಾಗ್ಬೇಕು. ನೀನು ಹೊಡೆದದ್ದಕ್ಕೆ ನಿಂತ್ರೆ ಯಾರು ಹೊಡೆದ್ರೂ ನಿಲ್ತೀನಿ."

ಗೋಲಿನ ಮುಂದೆ ಹೋಗಿ ನಿಂತೆ. ಅವನು ಬೂಟುಗಾಲಲ್ಲೇ ದೂರ ನಿಂತು ಬಿಲ್ಲೆಯನ್ನು ಅತ್ತಿತ್ತ ತಳ್ಳಿದ. ಮೊದಲನೆಯದನ್ನು ಪಕ್ಕದ ಹಲಗೆಗೆ ಹೊಡೆದ. ಎರಡನೆಯದು ಅರ್ಧ ದಾರಿಯಲ್ಲೇ ಸುಸ್ತಾಗಿ ನಿಂತಿತು.

"ಏನೋ ಇದು, ನಮ್ಮಮ್ಮ ಇದಕ್ಕಿಂತ ಜೋರಾಗಿ ಹೊಡೀತಿದ್ಲು!"

"ನಂಗೆ ಆಗಲ್ಲ."

"ನಂಗೂ ಆಗಲ್ಲ ಕಣೋ! ಕಾಲೊಳಗೆ ಸರಳು ಕೊರೀತಿದೆ, ಆದ್ರೂ ನಿಂತಿಲ್ವಾ? ಹೊಡಿ!"

ಅವನು ಹಲ್ಲು ಕಚ್ಚಿದ. ಸ್ಟಿಕ್ಕು ಹಿಂದಕ್ಕೆ ಹೋಯಿತು. ಆ ಭುಜ, ಆ ತಿರುವು, ಎಲ್ಲ ಹಳೆಯದೇ. ಆ ಕ್ಷಣ ನನಗಾದಷ್ಟು ಹೆದರಿಕೆ ಜೀವಮಾನದಲ್ಲಿ ಆಗಿರಲಿಲ್ಲ. ಸರಳು ಹಿಮಗಡ್ಡೆಯಾಯಿತು. ಕಾಲು ಎತ್ತು, ಎತ್ತು ಎಂದು ಮೈಯೆಲ್ಲ ಕೂಗಿತು. ಮಂಡಿ ಬಗ್ಗಿಸಿದೆ. ಗುಳಿಯೊಳಗೆ ಚಿಪ್ಪು ಕೂತದ್ದು ಗೊತ್ತಾಯಿತು. ಕೆಳಗೆ ಸಂದು ಮುಚ್ಚಿದ್ದೂ ಗೊತ್ತಾಯಿತು.

ಟಪ್!

ಬಿಲ್ಲೆ ಸಿಡಿದು ಹಿಮದ ರಾಶಿಯೊಳಗೆ ಹೋಯಿತು. ಕಾಲಿಗೆ ಯಾರೋ ಜೋರಾಗಿ ತಳ್ಳಿದಷ್ಟೇ ಆಗಿತ್ತು. ನಾನು ನಿಂತಿದ್ದೆ, ಎರಡೂ ಕಾಲು ಐಸಿನ ಮೇಲೇ ಇದ್ದವು.

ಯೋರ್ಮಾ ಕಣ್ಣು ಮುಚ್ಚಿಕೊಂಡಿದ್ದ.

"ಕಣ್ಣು ಬಿಡೋ."

ಬಿಟ್ಟ. "ನೋವಾಯ್ತಾ?"

"ಇಲ್ಲ."

"ನಿಜ ಹೇಳು."

"ಇಲ್ಲ ಕಣೋ. ಪ್ಲಾಸ್ಟಿಕ್ಕಿಗೆ ಬಿತ್ತು."

ಅವನು ಜಾರುತ್ತ ಜಾರುತ್ತ ಹಿಮದ ರಾಶಿಯ ಹತ್ತಿರ ಹೋಗಿ ಬಿಲ್ಲೆಯನ್ನು ಹುಡುಕಿ ತೆಗೆದ. ಕೈಗವಸಿನಿಂದ ಅದರ ಹಿಮ ಒರೆಸಿದ, ಅದೇ ಕೈಗವಸಿನಿಂದ ಮೂಗೂ ಕಣ್ಣೂ ಒರೆಸಿಕೊಂಡ. ಮತ್ತೆ ಬಂದು ಬಿಲ್ಲೆಯನ್ನು ತನ್ನ ಮುಂದೆ ಇಟ್ಟುಕೊಂಡ.

"ಇನ್ನೊಂದು ಸಲ ಹೊಡೀಲಾ?"

"ಯಾಕೆ?"

"ಆ ಸದ್ದು ಇನ್ನೊಂದು ಸಲ ಕೇಳ್ಬೇಕು."

ಹೆಲ್ಲೆವಿಗೆ ಬರುತ್ತೇನೆಂದು ಆಮೇಲೆ ಫೋನ್ ಮಾಡಿದರಾಯಿತು. ನಾನು ಎಡಗಾಲು ಮುಂದಿಟ್ಟು ನಿಂತೆ.