ತೌಡಿಗೆ ಮಾರಿದ ಕೂಸು

ಸಾವಿಗೆ ಕಣ್ಣಿಲ್ಲ, ಬರೀ ಕಿವಿ ಎಂದು ಮೋನಮ್ಮನಿಗೆ ಹೇಳಿಕೊಟ್ಟವಳು ಖಾಸಿಂಬೀ. ಅದಾಗಿ ಐವತ್ತೊಂದು ವರ್ಷ.

"ಬಾಗಿಲಸಂದ್ಯಾಗ ನಿಂತು ಕೇಳ್ತದ ಅದು. ಯಾರು ಯಾರಿಗಿ ಮಗ ಅಂತಾರ ಅಂತ ಕಿವಿ ಕೊಟ್ಟು ಕೇಳ್ತದ. ನೀ ಬಾಯಿ ಬಿಡಬ್ಯಾಡ. ಕೂಸು ನಂದು."

ಸುರಪುರದ ಗುಡ್ಡದ ಬುಡದ ಆ ಓಣಿಯಲ್ಲಿ ಮೋನಮ್ಮ ಆಗ ಐದು ಹೆತ್ತು ಐದನ್ನೂ ಮಣ್ಣಿಗೆ ಕೊಟ್ಟಿದ್ದಳು. ಒಂದಕ್ಕೂ ತೊಟ್ಟಿಲು ಹಾಕುವ ದಿನ ಬರಲಿಲ್ಲ, ಒಂದಕ್ಕೂ ಹೆಸರಿರಲಿಲ್ಲ. ಆರನೆಯದು ಹುಟ್ಟಿದ ಮೂರನೆಯ ದಿನ ಸೂಲಗಿತ್ತಿ ಅದನ್ನು ಮೊರದಲ್ಲಿ ಮಲಗಿಸಿ ಹಿತ್ತಲ ಬಾಗಿಲಿನಿಂದ ಹೊರಗೆ ಕೊಟ್ಟಳು. ಅಲ್ಲಿ ಪಕ್ಕದ ಮನೆಯ ಖಾಸಿಂಬೀ ಒಂದು ಬಟ್ಟಲು ತೌಡು ಹಿಡಿದು ನಿಂತಿದ್ದಳು. ತೌಡು ಕೊಟ್ಟಳು, ಕೂಸನ್ನು ಕೊಂಡಳು, ಮೌಲಪ್ಪ ಎಂದು ಹೆಸರಿಟ್ಟಳು. ಆಮೇಲೆ ಮುಂಬಾಗಿಲಿನಿಂದ ಬಂದು, "ನನ್ನ ಕೂಸಿಗಿ ಹಾಲು ಕುಡಸವ್ವ," ಎಂದು ಪರರ ಸೊತ್ತು ಒಪ್ಪಿಸುವಂತೆ ಅವಳ ಮಡಿಲಿಗೆ ಹಾಕಿದಳು.

ಕೂಸು ಉಳಿಯಿತು. ಅಂದಿನಿಂದ ಮೋನಮ್ಮ ಅವನನ್ನು ಮಗ ಎಂದು ಕರೆಯಲಿಲ್ಲ. ಬೀಸುಕಲ್ಲಿನ ಮುಂದೆ ಹಾಡುವಾಗ ಪದದಲ್ಲಿ ಕಂದ ಎಂದು ಬಂದರೆ ಆ ಜಾಗದಲ್ಲಿ ಬರೀ ಗುನುಗಿ ಮುಂದೆ ಹೋಗುತ್ತಿದ್ದಳು. ಅವನೂ ಅವಳನ್ನು ಚಿಗವ್ವ ಎಂದ. ಅವ್ವ ಎಂದದ್ದು ಖಾಸಿಂಬೀಗೆ. ಮಲಗುತ್ತಿದ್ದುದು ಈ ಮನೆಯಲ್ಲಿ, ದಿನದ ಮೊದಲ ತುತ್ತು ಆ ಮನೆಯಲ್ಲಿ. ದೊಡ್ಡವನಾಗಿ ಗೋಡೆ ಕಟ್ಟುವ ಗೌಂಡಿ ಕೆಲಸ ಕಲಿತ. ಅವನ ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ಅಕ್ಕಿಕಾಳು ಹಾಕಿದವಳು ಖಾಸಿಂಬೀಯೇ. ಮೋನಮ್ಮ ಬಂದ ಬೀಗರಿಗೆ ನೀರು ಕೊಡುತ್ತಾ ಓಡಾಡಿದಳು.

ಆ ಖಾಸಿಂಬೀ ಈಗ ಇಲ್ಲ. ನಲವತ್ತನೆಯ ದಿನದ ಫಾತೇಹಾ ಮುಗಿದ ಮರುವಾರ ಮೌಲಪ್ಪ ಸಾರವೆಯ ಮೇಲಿಂದ ಕಾಲು ಜಾರಿ ಬಿದ್ದ. ಎಡಗೈ ಮುರಿಯಿತು. ಡಾಕ್ಟರು ಪುಣ್ಯ ಗಟ್ಟಿ ಎಂದರು. ಮೋನಮ್ಮನಿಗೆ ಮಾತ್ರ ಗೊತ್ತಿತ್ತು: ಕೊಂಡವಳು ಹೋದಳು, ಸರಕು ವಾರಸುದಾರರಿಲ್ಲದೆ ಬಯಲಲ್ಲಿ ಬಿದ್ದಿದೆ, ಸಾವು ಕಿವಿಗೊಟ್ಟು ಹುಡುಕುತ್ತಾ ಬರುತ್ತಿದೆ.

ಹೀಗಿರುವಾಗ ಓಣಿಗೆ ಗಣತಿ ಬಂತು.

ಗಣತಿಗೆ ಬಂದವಳು ಶಹಾಪುರದ ಕಡೆಯ ಪರಿಮಳಾ ಎಂಬ ಶಾಲೆಯ ಟೀಚರು. ಬಿಸಿಲಿಗೆ ತಲೆಯ ಮೇಲೆ ಸೆರಗು, ಕೈಯಲ್ಲಿ ಮೊಬೈಲು. ಕಬ್ಬಲಿಗರು, ಬ್ಯಾಡರು, ಪಿಂಜಾರರು, ಬೌದ್ಧರು, ಗುರುಮಠಕಲ್ ಕಡೆಯಿಂದ ಬಂದು ತೆಲುಗು ಬಿಡದ ಒಂದು ಮನೆ: ಎಲ್ಲರನ್ನೂ ಮೂರು ದಿನದಿಂದ ಕೇಳಿ ಕೇಳಿ ತುಂಬುತ್ತಿದ್ದಳು. ಅವಳದೊಂದು ರೀತಿ ಇತ್ತು. ತುಂಬಿದ್ದನ್ನು ಕೊನೆಗೆ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ಹೌದು ಎನಿಸಿಕೊಂಡೇ ಮೊಬೈಲಿನ ಗುಂಡಿ ಒತ್ತುವಳು. ಓಣಿಯ ಆ ತುದಿಯಿಂದ ಹೆಸರು, ಜಾತಿ, ತಾಯಿ, ತಂದೆ ಎಂದು ಓದುವ ದನಿ ಮನೆಯಿಂದ ಮನೆಗೆ ಹತ್ತಿರವಾಗುವುದನ್ನು ಮೋನಮ್ಮ ಒಳಗೆ ಕುಳಿತು ಕೇಳಿದ್ದಳು. ಕೇಳುತ್ತಿರುವವಳು ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಅನಿಸಿತ್ತು.

ನಾಲ್ಕನೆಯ ಬೆಳಿಗ್ಗೆ ಟೀಚರು ಅವಳ ಹೊಸ್ತಿಲಿಗೆ ಬಂದಳು. ಹಿಂದೆಯೇ ಖಾಸಿಂಬೀಯ ಮಗ, ಗಾದಿ ಹೊಲಿಯುವ ಅಮೀನಸಾಬ, ಗಡ್ಡದಲ್ಲಿ ಅರಳೆಯ ಎಳೆ ಸಿಕ್ಕಿಸಿಕೊಂಡೇ ಬಂದ.

"ನೋಡ್ರಿ ಅಮ್ಮ," ಪರಿಮಳಾ ಕಟ್ಟೆಯ ಮೇಲೆ ಕುಳಿತು ಹೇಳಿದಳು. "ನಿನ್ನಿ ಇವರು ಮೌಲಪ್ಪ ನನ್ನ ತಮ್ಮ ಅಂತ ಬರಸ್ಯಾರ. ಇವರು ಮುಸ್ಲಿಂ, ತಮ್ಮ ಕಬ್ಬಲಿಗ. ಆ ಹೆಸರು ನೋಡಿದ್ರ ನಿಮ್ಮ ರೇಷನ್ ಕಾರ್ಡಿನ್ಯಾಗ ಅದ. ಒಬ್ಬ ಮನಷ್ಯಾನ ಎರಡು ಮನ್ಯಾಗ ಹೆಂಗ ಹಾಕಲಿ?"

"ಹಾಕ್ರಲ್ಲ ಟೀಚರಮ್ಮ," ಅಮೀನಸಾಬ ಎಂದ. "ಎರಡೂ ಮನ್ಯಾಗ ಉಂಡಾನ. ಉಣ್ಣಾಗ ಇಲ್ಲದ ತಕರಾರು ಬರಿಯಾಗ ಯಾಕ? ನಮ್ಮವ್ವ ನಗದು ತೌಡು ಕೊಟ್ಟು ತಗೊಂಡಾಳ. ಈಗ ವಾಪಸ್ ತಗೊಳಂಗಿಲ್ಲ."

"ಹಂಗಾದ್ರ ಧರ್ಮ ಯಾವುದು ಬರೀಲಿ?"

"ಗೌಂಡಿ ಅಂತ ಬರೀರಿ."

ಗೋಡೆಗೆ ಒರಗಿ ಕುಳಿತಿದ್ದ ಮೌಲಪ್ಪ ನಕ್ಕ. ಕೈಯ ಪಟ್ಟಿ ಅಲುಗಿ ನೋವಾಗಿ ಸುಮ್ಮನಾದ.

ಪರಿಮಳಾಗೆ ನಗು ಬರಲಿಲ್ಲ. "ನನಗ ಈ ಪದ್ಧತಿ ಗೊತ್ತದ ಅಣ್ಣಾ. ನಮ್ಮ ಆಯೀನೂ ಎರಡು ಕೂಸು ಕೊಂಡಿದ್ಳು, ದೊಡ್ಡ ದೊಡ್ಡವರ ಮನೀವು. ನಮ್ಮ ಕೇರಿಯಾಕಿ ಕೊಂಡ್ರ ಸಾವು ಮುಟ್ಟಂಗಿಲ್ಲ ಅಂತ. ಕೂಸು ಬದುಕಿದವು. ಆ ಮಕ್ಕಳ ಮನಿ ಹೊಸ್ತಿಲು ಮಾತ್ರ ಆಕಿಗಿ ದಾಟಾಕ ಬಿಡಲಿಲ್ಲ ಕಡೀತನಕ." ಆಮೇಲೆ ಮೋನಮ್ಮನ ಕಡೆ ತಿರುಗಿದಳು. "ಈ ಮೌಲಪ್ಪ ನಿಮಗೇನಾಗಬೇಕ್ರಿ, ಅಮ್ಮ?"

ಮೋನಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆದಿತ್ತು, ಹೊರಗೆ ಬಿಸಿಲು. ಬಾಗಿಲು ಮತ್ತು ಗೋಡೆಯ ನಡುವೆ ಒಂದು ಮೊಳದ ಕತ್ತಲೆ.

"ಏನೂ ಆಗಬೇಕಿಲ್ಲ. ಬಾಜೂ ಮನಿಯವ," ಎಂದಳು.

ಮೌಲಪ್ಪ ಮೆಲ್ಲಗೆ ಎದ್ದು ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ. ಅವನ ಮೀಸೆ ನರೆತಿತ್ತು.

"ಚಿಗವ್ವ, ಐವತ್ತೊಂದು ವರ್ಷ ಉಳಿದೀನಿ. ಇನ್ನೆಷ್ಟು ಉಳಿಸ್ತಿ? ಆ ಅವ್ವನ್ನ ಮಣ್ಣು ಮಾಡಿ ಬಂದ ಮ್ಯಾಲ ಯಾರಿಗೂ ಮಗ ಅಲ್ಲ ನಾ. ಮೊನ್ನಿ ಮ್ಯಾಲಿಂದ ಬೀಳಬೇಕಾದ್ರ ಬಾಯಾಗ ಅವ್ವಾ ಅಂತ ಬಂತು. ಯಾರಿಗಿ ಕರದೆ ಅಂತ ನನಗ ತಿಳೀಲಿಲ್ಲ."

"ಬಾಯಿ ಮುಚ್ಚೋ," ಮೋನಮ್ಮ ಪಿಸುಗುಟ್ಟಿದಳು. "ಕೇಳ್ತದ."

"ಕೇಳಲಿ."

"ನಿನಗೇನು ಗೊತ್ತು? ನೀ ಐದು ಸಲ ಕೂಸು ಹೂಳೋ ಕುಣಿ ನೋಡಿಯೇನು?" ಅವಳು ಟೀಚರ ಕಡೆ ತಿರುಗಿದಳು. "ಟೀಚರಮ್ಮ, ನೀವು ಬರ್ಕೋರಿ. ಓದಬ್ಯಾಡ್ರಿ. ಬರಿದ್ರ ಅದಕ್ಕ ತಿಳಿಯಂಗಿಲ್ಲ."

"ಬರಿಯಾಕ ನೀವು ಹೇಳಬೇಕಲ್ರಿ, ಅಮ್ಮ."

ಅಮೀನಸಾಬ ಗಡ್ಡದ ಅರಳೆ ಕಿತ್ತು ಬೆರಳಲ್ಲಿ ಹೊಸೆಯತೊಡಗಿದ. ಮೌಲಪ್ಪ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಹೆತ್ತವಳ ಬಾಯಿಂದ ಒಂದು ಮಾತಿಗೆ ಕಾದ ಐವತ್ತೊಂದು ವರ್ಷವೂ ಅಲ್ಲಿ ಕೂತಿತ್ತು. ಉಳಿಸಿದೆ ಎಂದುಕೊಂಡದ್ದನ್ನು ತಾನು ಯಾರಿಗಾಗಿ ಉಳಿಸಿದೆ ಎಂದು ಮೋನಮ್ಮ ಮೊದಲ ಸಲ ಕೇಳಿಕೊಂಡಳು.

ಆಮೇಲೆ ಹೇಳಿದಳು: "ಹಂಗಾದ್ರ ಮೊದಲಿಂದ ಹಿಡೀರಿ. ಅವನ್ನ ಮೊದಲಿಗಿ ಬರೀಬ್ಯಾಡ್ರಿ. ಅವನಕಿಂತ ಮೊದಲ ಐದು ಅದಾವ."

ಪರಿಮಳಾ ಮೊಬೈಲು ನೋಡಿದಳು. "ಇದರಾಗ ಇದ್ದವರ ಅಷ್ಟ ಬರ್ತಾರ. ಹೋದವರಿಗಿ ಜಾಗ ಇಲ್ರಿ."

"ಗೊತ್ತದ. ಬರೀಬ್ಯಾಡ್ರಿ ಹಂಗಾದ್ರ. ಓದ್ರಿ."

ಟೀಚರಿಗೆ ತಿಳಿಯಿತು. ಮೊಬೈಲನ್ನು ಮಗುಚಿ ಕಟ್ಟೆಯ ಮೇಲಿಟ್ಟು, ತಲೆಯ ಸೆರಗು ಸರಿಮಾಡಿಕೊಂಡು, ದಿನವೂ ಓದುವ ಅದೇ ದನಿಯಲ್ಲಿ ಓದಿದಳು.

"ಮೋನಮ್ಮನ ಮೊದಲನೇ ಕೂಸು. ಗಂಡೋ ಹೆಣ್ಣೋ?"

"ಹೆಣ್ಣು. ಏಳು ದಿನ ಇತ್ತು."

"ಎರಡನೇ ಕೂಸು?"

"ಗಂಡು. ಒಂದ ರಾತ್ರಿ."

"ಮೂರನೇದು?"

"ಹೆಣ್ಣು. ಕಣ್ಣು ಬಿಟ್ಟು ನೋಡಿತ್ತು ನನ್ನ."

ನಾಲ್ಕು. ಐದು. ಒಂದೊಂದು ಹೇಳಿದಾಗಲೂ ಮನೆಯೊಳಗೆ ಒಬ್ಬೊಬ್ಬರು ಬಂದು ಕುಳಿತಂತಾಯಿತು. ಅಮೀನಸಾಬ ಯಾರಿಗೋ ಜಾಗ ಕೊಡುವವನಂತೆ ಪಕ್ಕಕ್ಕೆ ಸರಿದ, ತಾನೇಕೆ ಸರಿದೆನೆಂದು ಅವನಿಗೂ ತಿಳಿಯಲಿಲ್ಲ. ಬಾಣಂತಿಕೋಣೆಯ ಬೆಳ್ಳುಳ್ಳಿ ಹೊಗೆ, ಹಸಿ ಹಾಲಿನ ವಾಸನೆ ಮೋನಮ್ಮನ ಮೂಗಿಗೆ ಬಂತು. ಈ ಮನೆಯಲ್ಲಿ ಹಸುಗೂಸಿದ್ದು ಎಷ್ಟೋ ಕಾಲವಾಗಿತ್ತು.

"ಆರನೇದು?" ಪರಿಮಳಾಳ ದನಿ ಸಣ್ಣಗಾಯಿತು.

"ಗಂಡು. ಮೌಲಪ್ಪ. ನನ್ನ ಮಗ. ಖಾಸಿಂಬೀ ಕೊಂಡಿದ್ದು, ನಾ ಹಡದಿದ್ದು." ಮೋನಮ್ಮ ಬಾಗಿಲಸಂದಿಯ ಕಡೆ ತಿರುಗಿ ಇನ್ನೂ ಗಟ್ಟಿಯಾಗಿ ಅಂದಳು: "ನನ್ನ ಮಗ!"

ಅಲ್ಲಿಂದ ಏನೂ ಬರಲಿಲ್ಲ. ಒಂದು ಕೋಳಿ ಒಳಗೆ ಇಣುಕಿ ಹೋಯಿತು. ಪರಿಮಳಾ ಮೊಬೈಲು ಎತ್ತಿಕೊಂಡು ಮೌಲಪ್ಪನನ್ನು ಈ ಮನೆಗೆ ಬರೆದಳು. ಅಮೀನಸಾಬ, "ನಮ್ಮ ಮನ್ಯಾಗ ಒಬ್ಬವ ಕಮ್ಮಿ ಆದ ನೋಡ್ರಿ," ಎಂದು ನಗಲು ಹೋಗಿ ಕಣ್ಣೊರೆಸಿಕೊಂಡ. ಮೌಲಪ್ಪ ಏನಾದರೂ ಹೇಳುತ್ತಾನೆಂದು ಮೋನಮ್ಮ ಕಾದಳು. ಅವನು ಬಲಗೈಯಲ್ಲಿ ಅವಳ ಪಾದ ಮುಟ್ಟಿ ಎದ್ದ. ಕೈಯ ಪಟ್ಟಿ ಬದಲಿಸುವ ದಿನ ಅದು. ಅಮೀನಸಾಬ ಅವನನ್ನು ದವಾಖಾನೆಗೆ ಕರೆದುಕೊಂಡು ಹೋದ. ಟೀಚರು ಮುಂದಿನ ಮನೆಗೆ ಹೋದಳು.

ಮಟಮಟ ಮಧ್ಯಾಹ್ನವಾಯಿತು. ಮೌಲಪ್ಪನ ಹೆಂಡತಿ ಕೂಲಿಯಿಂದ ಬಂದಿರಲಿಲ್ಲ, ಓಣಿಯಲ್ಲಿ ನಾಯಿಯೂ ಇಲ್ಲ. ಮೋನಮ್ಮ ರೊಟ್ಟಿಯ ಹಿಟ್ಟಿಗೆ ನೀರು ಹಾಕಿ, ಎಷ್ಟು ಜನಕ್ಕೆ ಬಡಿಯಬೇಕೆಂದು ತಿಳಿಯದೆ ಕೈ ಹಾಗೇ ಬಿಟ್ಟು ಕುಳಿತಿದ್ದಳು. ಮನೆ ಖಾಲಿಯಾಗಿರಲಿಲ್ಲ. ಓದಿದಾಗ ಬಂದು ಕುಳಿತವರು ಎದ್ದು ಹೋಗಿರಲಿಲ್ಲ.

"ಅವ್ವಾ."

ಬಾಗಿಲಿನಿಂದ ಬಂತು ಆ ದನಿ. ಗಂಡಸಿನದೋ ಕೂಸಿನದೋ ತಿಳಿಯಲಿಲ್ಲ. ಆ ಹೊಸ್ತಿಲಲ್ಲಿ ನಿಂತು ಅವಳನ್ನು ಹಾಗೆ ಕರೆದವರು ಇದುವರೆಗೆ ಯಾರೂ ಇರಲಿಲ್ಲ. ಮೌಲಪ್ಪನ ಬಾಯಲ್ಲಿ ಆ ಮಾತು ಹೇಗೆ ಕೇಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನಡುಹಗಲಲ್ಲಿ ಕರೆದರೆ ಓಗೊಡಬಾರದು. ಬಂದದ್ದು ಮನುಷ್ಯನಾದರೆ ಮೂರು ಸಲ ಕರೆಯುತ್ತಾನೆ, ಅದಾದರೆ ಮೂರನೆಯ ಸಲ ಕರೆಯುವುದಿಲ್ಲ. ಮೂರನೆಯದಕ್ಕೆ ಮಾತ್ರ ಏಳಬೇಕೆಂದು ಹಿರಿಯರು ಹೇಳಿದ್ದು ಅವಳ ಎಲುಬಿನಲ್ಲಿತ್ತು.

ಉಸಿರು ಹಿಡಿದು ಕಾದಳು.

"ಅವ್ವಾ."

ಎರಡು. ಬಾಗಿಲಲ್ಲಿ ಬೆಳಕು ಕಣ್ಣು ಕುಕ್ಕುತ್ತಿತ್ತು, ನಿಂತವರ ಆಕಾರ ಕಾಣಲಿಲ್ಲ. ಎತ್ತರವೋ ಗಿಡ್ಡವೋ, ಒಬ್ಬರೋ ಐವರೋ.

ಮೂರನೆಯದು ಬಾರದಿದ್ದರೆ ಎಂಬ ಅಂಜಿಕೆ ಈಗ ಬಂದವರು ಯಾರು ಎಂಬ ಅಂಜಿಕೆಗಿಂತ ದೊಡ್ಡದಾಯಿತು. ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ಮೋನಮ್ಮ ಎದ್ದಳು.

"ಬಂದ್ನೆಪ್ಪಾ," ಎಂದಳು. "ಯಾರಿದ್ರೂ ಬರ್ರಿ, ಒಳಗ ಬರ್ರಿ."